ಕರೆಂಟ್ ಬಂದ ಮೇಲೆ ಅಕ್ವೇರಿಯಂ ತುಂಬಿ ಹರಿದದ್ದೇಕೆ?

ಪ್ರಶ್ನೆ: ನಮ್ಮದು ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಅಕ್ವೇರಿಯಂ. ಹೆಚ್ಚಾದ ನೀರು ಕೆಳಗಿನ ತೊಟ್ಟಿಗೆ (ಸಂಪ್) ಇಳಿಯಲಿ ಅಂತ, ಗಾಜು ಕೊರೆಸದೆ ಅಂಚಿಗೆ ನೇತುಹಾಕುವ ಸೈಫನ್ ಓವರ್‌ಫ್ಲೋ ಹಾಕಿದ್ದೇನೆ. ಸಂಪಿನ ಪಂಪ್ ನೀರನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಮೊನ್ನೆ ರಾತ್ರಿ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ನೋಡಿದರೆ ಹಾಲ್ ತುಂಬಾ ನೀರು. ಸೈಫನ್ ಯಾಕೆ ಕೈಕೊಟ್ಟಿತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಯು ಪೈಪಿನ ನೆತ್ತಿ ನೋಡಿ. ಟ್ಯಾಂಕಿನ ಒಳಗಿನ ಡಬ್ಬಿಯಿಂದ ಅಂಚಿನ ಮೇಲೆ ಹಾದು ಹೊರಗಿನ ಡಬ್ಬಿಗೆ ಇಳಿಯುವ ತಲೆಕೆಳಗಾದ ಪೈಪ್ ಅದು. ಅಲ್ಲಿ ಗಾಳಿ ಕೂತಿದ್ದರೆ ಕಾರಣ ಬಹುಪಾಲು ಅದೇ.

ಸೂಳೆಕೆರೆ ತುಂಬಿದರೆ ನೀರು ತಾನಾಗಿ ಕೋಡಿ ಬೀಳುತ್ತದೆ. ಗಾಜು ಕೊರೆಸಿದ ಟ್ಯಾಂಕೂ ಹಾಗೇ. ನಿಮ್ಮದರಲ್ಲಿ ನೀರು ಗೋಡೆ ಹತ್ತಿ ಇಳಿಯಬೇಕು. ಡ್ರಮ್ಮಿನ ಡೀಸೆಲನ್ನು ಪೈಪಿನಲ್ಲಿ ಎಳೆದು ಬಿಡುತ್ತಾರಲ್ವಾ, ಅದೇ ತಂತ್ರ. ಒಳಗಿನ ಡಬ್ಬಿಯ ನೀರು ಹೊರಗಿನ ಡಬ್ಬಿಗಿಂತ ಒಂಚೂರು ಮೇಲಿದ್ದರೆ ಸಾಕು, ಹರಿಯುತ್ತದೆ. ಪಂಪ್ ನಿಂತಾಗ ಎರಡೂ ಕಡೆ ಮಟ್ಟ ಸಮವಾಗಿ ಹರಿವು ನಿಲ್ಲುತ್ತದೆ. ಪೈಪಿನ ಎರಡೂ ತುದಿ ನೀರಲ್ಲೇ ಮುಳುಗಿರುವುದರಿಂದ ಒಳಗಿನ ನೀರು ಇಳಿದುಹೋಗುವುದಿಲ್ಲ. ಹಾಗಾಗಿ ಕರೆಂಟ್ ಹೋಗಿದ್ದಕ್ಕೇ ಸೈಫನ್ ಕಡಿಯಬಾರದು.

ಕೆಡಿಸುವುದು ಗಾಳಿಗುಳ್ಳೆ. ಹರಿವು ಜೋರಾಗಿದ್ದರೆ ನೀರು ಗುಳ್ಳೆಗಳನ್ನು ಎಳೆದುಕೊಂಡು ಹೋಗುತ್ತದೆ. ನಿಧಾನವಾದರೆ ಅವು ನೆತ್ತಿಯಲ್ಲಿ ಒಂದಕ್ಕೊಂದು ಸೇರಿ ದಾರಿ ಕಟ್ಟುತ್ತವೆ. ಸಣ್ಣ ಪಂಪಿಗೆ ದಪ್ಪ ಯು ಪೈಪ್ ಹಾಕುವುದು ಇದಕ್ಕೇ ತಪ್ಪು. ಸೈಫನ್ ಕಡಿದದ್ದು ಪಂಪಿಗೆ ಗೊತ್ತಾಗುವುದಿಲ್ಲ. ಅದು ಸಂಪಿನ ನೀರನ್ನು ಮೇಲಕ್ಕೆ ಎತ್ತುತ್ತಲೇ ಇರುತ್ತದೆ.

ನೆತ್ತಿಯಿಂದ ಸಣ್ಣ ಏರ್ ಟ್ಯೂಬ್ ತೆಗೆದು ಪವರ್‌ಹೆಡ್‌ನ (ಟ್ಯಾಂಕಿನ ನೀರಲ್ಲಿ ಮುಳುಗಿಸಿಡುವ ಸಣ್ಣ ಪಂಪ್) ಗಾಳಿ ಎಳೆಯುವ ಮೂತಿಗೆ ಸೇರಿಸಿದರೆ ಗುಳ್ಳೆ ನಿಲ್ಲುವುದಿಲ್ಲ. ಆದರೆ ಗಡಸು ಬೋರ್ ನೀರಾದರೆ ಆ ಟ್ಯೂಬಿಗೂ ಸುಣ್ಣ ಕಟ್ಟುತ್ತದೆ, ಆಗಾಗ ತೊಳೆಯಿರಿ.

ನಾನು ನಂಬುವುದು ಲೆಕ್ಕವನ್ನು. ನಿಮ್ಮ ಟ್ಯಾಂಕಿನಲ್ಲಿ 1 ಸೆಂ.ಮೀ. ಏರಿಕೆ ಅಂದರೆ ಸುಮಾರು 4 ಲೀಟರ್. ಪಂಪ್ ಓಡುವಾಗ ಅಂಚಿಗೆ 3 ಸೆಂ.ಮೀ. ಬಾಕಿ ಇದ್ದರೆ 12 ಲೀಟರ್ ಹಿಡಿಯುತ್ತದೆ. ಸಂಪಿನಲ್ಲಿ ಪಂಪ್ ಇರುವ ಖಾನೆಗೆ ಅಡ್ಡಗಾಜು ಕೂರಿಸಿ, ಪಂಪ್ ಎಳೆಯಬಹುದಾದ ನೀರು 10 ಲೀಟರ್ ಮೀರದಂತೆ ಮಾಡಿ. ಆಗ ಸೈಫನ್ ಪೂರ್ತಿ ಕಡಿದರೂ ನೆಲ ಒದ್ದೆಯಾಗುವುದಿಲ್ಲ. ಪಂಪ್ ಒಣಗಿ ಓಡಿ ಸುಟ್ಟೀತು, ಆ ನಷ್ಟ ತಡೆದುಕೊಳ್ಳಬಹುದು.

ಹಗಲಲ್ಲೇ ಪರೀಕ್ಷೆ ಮಾಡಿ. ಸ್ವಿಚ್ ಪಕ್ಕ ನಿಂತು, ಪಂಪ್ ಓಡುತ್ತಿರುವಾಗಲೇ ಯು ಪೈಪ್ ಎತ್ತಿಬಿಡಿ. ನೀರು ಅಂಚು ಮುಟ್ಟುವ ಮೊದಲೇ ಪಂಪ್ ಗೊರಗೊರ ಅಂದರೆ ಲೆಕ್ಕ ಸರಿ ಇದೆ, ತಕ್ಷಣ ಆಫ್ ಮಾಡಿ. ಪೈಪನ್ನು ಮತ್ತೆ ನೀರು ತುಂಬಿಸಿ ಕೂರಿಸಿ. ಪಂಪ್ ನಿಂತಾಗ ಟ್ಯಾಂಕಿನಿಂದ ಇಳಿದು ಬರುವ ಅಷ್ಟೂ ನೀರಿಗೆ ಸಂಪಿನಲ್ಲಿ ಜಾಗ ಸಾಕಾಗುತ್ತದಾ ಅಂತ ಅದೇ ಹೊತ್ತಿಗೆ ನೋಡಿಕೊಳ್ಳಿ.