ಕೊಂಡವರ ಲೆಕ್ಕ, ಕೇಳಿದವರ ಲೆಕ್ಕ

ಹಾಡನ್ನು ಕೊಳ್ಳದೆ ಇಂಟರ್ನೆಟ್ಟಿನಲ್ಲೇ ಕೇಳುವ ಸ್ಟ್ರೀಮಿಂಗ್ ಬಂದ ಮೇಲೆ ಈಗಾಗಲೇ ಹೆಸರು ಮಾಡಿರುವ ಪಾಪ್ ಗಾಯಕರಿಗೆ ಚಾರ್ಟ್‌ನಲ್ಲಿ ಮೇಲೇರುವುದು ಸುಲಭವಾಯಿತೇ ಎಂದು ಕೇಳಿದ್ದೀರಿ. ಜೊತೆಗೆ, 2022ರಲ್ಲಿ ಟೇಲರ್ ಸ್ವಿಫ್ಟ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯ ಮೊದಲ ಹತ್ತೂ ಸ್ಥಾನಗಳನ್ನು ಒಂದೇ ವಾರ ಹಿಡಿದದ್ದರಿಂದ ಆಕೆಯನ್ನು ಬೀಟಲ್ಸ್ ತಂಡಕ್ಕಿಂತ ದೊಡ್ಡ ತಾರೆ ಎನ್ನಬಹುದೇ ಎಂದೂ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ: ಏರುವುದು ಸುಲಭವಾಗಿದೆ, ಏರಿದಲ್ಲಿ ನಿಲ್ಲುವುದು ಕಷ್ಟವಾಗಿದೆ. ಎರಡನೆಯದಕ್ಕೆ ಉತ್ತರವೇ ಇಲ್ಲವೆನ್ನುತ್ತೇನೆ, ಏಕೆಂದರೆ ಬೀಟಲ್ಸ್ ಮೊದಲ ಐದು ಸ್ಥಾನ ಹಿಡಿದ 1964ರ ಪಟ್ಟಿ ಅಳೆದದ್ದೇ ಬೇರೆ, 2022ರ ಪಟ್ಟಿ ಅಳೆದದ್ದೇ ಬೇರೆ. ಸೇರಿನಲ್ಲಿ ಅಳೆದ ಅಕ್ಕಿ ಹೆಚ್ಚೋ ಮೊಳದಲ್ಲಿ ಅಳೆದ ಮಲ್ಲಿಗೆ ಹೆಚ್ಚೋ ಎಂದು ಯಾರೂ ಕೇಳುವುದಿಲ್ಲ.

ತೊಂಬತ್ತರ ದಶಕದಲ್ಲಿ ನನ್ನ ಸೋದರಮಾವ ಮಲ್ಲೇಶ್ವರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಕಾಲೇಜು ಮುಗಿಸಿ ಸಂಜೆ ಅಲ್ಲಿ ಕೂರುತ್ತಿದ್ದ ನನ್ನ ಕೆಲಸವೆಂದರೆ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಗೀಟು ಹಾಕುವುದು: ಒಂದು ಕ್ಯಾಸೆಟ್ ಮಾರಾಟವಾದರೆ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಮೈಕೇಲ್ ಜಾಕ್ಸನ್ ಕ್ಯಾಸೆಟ್ಟನ್ನು ಟೇಪು ಸವೆಯುವ ತನಕ ಕೇಳಿದ ಹುಡುಗನಿಗೂ, ಭಾವಗೀತೆಗಳ ಕ್ಯಾಸೆಟ್ಟನ್ನು ಮದುವೆಗೆ ಉಡುಗೊರೆ ಕೊಡಲೆಂದು ಕೊಂಡು ತಾವು ಒಮ್ಮೆಯೂ ಕೇಳದ ಹಿರಿಯರಿಗೂ ಪುಸ್ತಕದಲ್ಲಿ ಒಂದೊಂದೇ ಗೀಟು. ಶನಿವಾರ ಕಂಪನಿಯ ಪ್ರತಿನಿಧಿ ಬಂದು "ಯಾವ್ದ್ ಸಾರ್ ಓಡ್ತಾ ಇದೆ?" ಎಂದು ಕೇಳಿದರೆ, ಮಾವ ಪುಸ್ತಕ ತೆರೆಯುತ್ತಲೇ ಇರಲಿಲ್ಲ, ಖಾಲಿಯಾಗದೆ ಕಪಾಟಿನಲ್ಲಿ ಉಳಿದಿದ್ದ ಯಾವುದೋ ಒಂದರ ಹೆಸರನ್ನು ಗಂಭೀರವಾಗಿ ಹೇಳಿ ಕಳುಹಿಸುತ್ತಿದ್ದರು. ಇದನ್ನು ನಮ್ಮೂರಿನ ಚಾಲಾಕಿತನವೆಂದು ಬಹಳ ಕಾಲ ನಂಬಿದ್ದೆ. ಆಮೇಲೆ ಓದಿದಾಗ ತಿಳಿಯಿತು, ಅಮೆರಿಕದಲ್ಲಿಯೂ 1991ರಲ್ಲಿ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು ಬಾರ್‌ಕೋಡ್‌ನಿಂದ ನಿಜವಾದ ಮಾರಾಟವನ್ನು ಎಣಿಸತೊಡಗುವವರೆಗೆ ಬಿಲ್‌ಬೋರ್ಡ್ ಪಟ್ಟಿಗಳು ನಿಂತಿದ್ದದ್ದು ಅಂಗಡಿಯವರು ಬಾಯಲ್ಲಿ ಹೇಳಿದ ವರದಿಗಳ ಮೇಲೆಯೇ.

1958ರಲ್ಲಿ ಆರಂಭವಾದ ಹಾಟ್ 100 ಬಹುಕಾಲ ಮಾರಾಟವನ್ನೂ ರೇಡಿಯೋ ಪ್ರಸಾರವನ್ನೂ ಸೇರಿಸಿ ಲೆಕ್ಕ ಹಾಕುತ್ತಿತ್ತು, ಮತ್ತು 1998ರ ಡಿಸೆಂಬರ್‌ವರೆಗೆ ಅಂಗಡಿಯಲ್ಲಿ ಸಿಂಗಲ್ ಆಗಿ ಬಿಡಿಯಾಗಿ ಮಾರಾಟಕ್ಕಿಲ್ಲದ ಹಾಡಿಗೆ ಅದರಲ್ಲಿ ಪ್ರವೇಶವೇ ಇರಲಿಲ್ಲ. 1964ರ ಏಪ್ರಿಲ್ ಮೊದಲ ವಾರದಲ್ಲಿ ಬೀಟಲ್ಸ್ ಮೊದಲ ಐದೂ ಸ್ಥಾನಗಳಲ್ಲಿ ಕುಳಿತಾಗ ಆ ಐದೂ ಬೇರೆ ಬೇರೆ ಗ್ರಾಮಫೋನ್ ತಟ್ಟೆಗಳಾಗಿದ್ದವು. ಅವುಗಳನ್ನು ಹೊರತಂದದ್ದು ನಾಲ್ಕು ಬೇರೆ ಬೇರೆ ಲೇಬಲ್‌ಗಳು, ಎಂದರೆ ತಟ್ಟೆ ಹೊರತರುವ ಸಂಸ್ಥೆಗಳು. ಐದನ್ನೂ ಮನೆಗೆ ಒಯ್ಯಬೇಕೆಂದ ಅಭಿಮಾನಿ ಐದು ಸಲ ದುಡ್ಡು ಕೊಡಬೇಕಿತ್ತು. 2012ರಿಂದೀಚೆಗೆ ಸ್ಪಾಟಿಫೈನಂತಹ ಸೇವೆಗಳ ಸ್ಟ್ರೀಮಿಂಗ್, 2013ರಲ್ಲಿ ಯೂಟ್ಯೂಬ್ ವೀಕ್ಷಣೆ ಆ ಲೆಕ್ಕದೊಳಗೆ ಬಂದವು. ಕೊಳ್ಳುವುದು ಒಮ್ಮೆ ಮಾತ್ರ ನಡೆಯುವ ಕ್ರಿಯೆ, ಕೇಳುವುದು ದಿನಕ್ಕೆ ಇಪ್ಪತ್ತು ಸಲ ನಡೆಯಬಹುದಾದ ಕ್ರಿಯೆ. ಅಂಗಡಿಯ ಪುಸ್ತಕಕ್ಕೆ ಕಾಣದೆ ಹೋಗಿದ್ದ ಆ ಹುಡುಗನ ಸವೆದ ಟೇಪು ಈಗ ಲೆಕ್ಕಕ್ಕೆ ಸಿಕ್ಕಿತು.

ಸ್ವಿಫ್ಟ್ ಅವರ "ಮಿಡ್‌ನೈಟ್ಸ್" 2022ರ ಅಕ್ಟೋಬರ್ 21ರಂದು ಬಿಡುಗಡೆಯಾದದ್ದು ಅಮೆರಿಕದ ಪೂರ್ವ ತೀರದ ನಡುರಾತ್ರಿಗೆ, ಎಂದರೆ ನಮಗೆ ಬೆಳಿಗ್ಗೆ ಒಂಬತ್ತೂವರೆಗೆ. ಅಂದು ನನ್ನ ಮಗಳು ಕಾಲೇಜಿನ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹದಿಮೂರು ಹಾಡುಗಳನ್ನೂ ಕ್ರಮವಾಗಿ ಕೇಳಿದಳು. ಸಂಜೆ ಮನೆಯಲ್ಲಿ ಮತ್ತೊಮ್ಮೆ ಎಲ್ಲವನ್ನೂ ಹಾಕಿದಳು. ರಾತ್ರಿ ಊಟದ ಹೊತ್ತಿಗೆ ನಮಗೂ ಅರ್ಧ ಬಾಯಿಪಾಠವಾಗಿತ್ತು. ಮಾವನ ಪುಸ್ತಕದಲ್ಲಾಗಿದ್ದರೆ ಇದಕ್ಕೆ ಸಿಗುತ್ತಿದ್ದದ್ದು ಒಂದು ಗೀಟು. ಈಗ ಪ್ರತಿ ಹಾಡಿಗೂ ಪ್ರತ್ಯೇಕ ಗೀಟು, ಅದೂ ಪ್ರತಿ ಸಲ ಕೇಳಿದಾಗ. (ಅವಳು ಬೆಂಗಳೂರಿನಲ್ಲಿ ಕೇಳಿದ್ದು ಅಮೆರಿಕದ ಪಟ್ಟಿಗೆ ಸೇರುವುದಿಲ್ಲ, 2020ರಲ್ಲಿ ಆರಂಭವಾದ ಗ್ಲೋಬಲ್ 200 ಎಂಬ ಪಟ್ಟಿಗೆ ಸೇರುತ್ತದೆ. ಇದನ್ನು ಹೇಳಿದಾಗ ಅವಳಿಗೆ ತುಸು ಬೇಸರವಾಯಿತು.) ಇವಳಂತಹ ಲಕ್ಷಾಂತರ ಮಂದಿ ಅಮೆರಿಕದಲ್ಲಿ ಅದೇ ವಾರ ಅದನ್ನೇ ಮಾಡಿದಾಗ ಇಡೀ ಆಲ್ಬಮ್ಮೇ ಮೆರವಣಿಗೆಯಂತೆ ಪಟ್ಟಿಗೆ ನುಗ್ಗುತ್ತದೆ. 2018ರಲ್ಲಿ ಡ್ರೇಕ್ ಅವರ "ಸ್ಕಾರ್ಪಿಯನ್" ಆಲ್ಬಮ್‌ನ 25 ಹಾಡುಗಳೂ ಹಾಟ್ 100ರೊಳಗೆ ಬಂದದ್ದು ಹೀಗೆಯೇ. ಆಲ್ಬಮ್ ಇರುವಷ್ಟೂ ಹಾಡುಗಳನ್ನು ಮೊದಲ ದಿನವೇ ಕೇಳಿ ಮುಗಿಸುವ ಅಭಿಮಾನಿ ಬಳಗ ಹೊಸಬರಿಗೆ ಇರುವುದಿಲ್ಲ. ಹೆಸರಾದವರಿಗೆ ಸ್ಟ್ರೀಮಿಂಗ್ ಕೊಟ್ಟ ದೊಡ್ಡ ಲಾಭ ಇದು.

ಬ್ರಿಟನ್ನಿನವರು ಇದನ್ನು ಸಹಿಸಲಿಲ್ಲ. ಅಲ್ಲಿ 2014ರ ಜುಲೈನಲ್ಲಿ 100 ಸ್ಟ್ರೀಮ್‌ಗಳನ್ನು ಒಂದು ಮಾರಾಟಕ್ಕೆ ಸಮವೆಂದು ಎಣಿಸತೊಡಗಿ, 2017ರ ಆರಂಭದಲ್ಲಿ ಅದನ್ನು 150ಕ್ಕೆ ಏರಿಸಿದ್ದರು. ಅದೇ ಮಾರ್ಚ್‌ನಲ್ಲಿ ಎಡ್ ಶೀರನ್ ಅವರ ಆಲ್ಬಮ್ ಬಂದು, ಮೊದಲ 20 ಸ್ಥಾನಗಳಲ್ಲಿ 16 ಅವರೊಬ್ಬರದೇ ಆದವು. 2025ರ ಫೆಬ್ರವರಿಯಲ್ಲಿ ನಮ್ಮ ಚರ್ಚ್ ಸ್ಟ್ರೀಟ್‌ನಲ್ಲಿ ಗಿಟಾರ್ ಹಿಡಿದು ನಿಂತಾಗ ಪೊಲೀಸರು ಬಂದು ಹಾಡು ನಿಲ್ಲಿಸಿದ್ದು ಇದೇ ಶೀರನ್ ಅವರದು. ಬ್ರಿಟನ್ನಿನ ಪಟ್ಟಿಯವರು ಎಂಟು ವರ್ಷ ಮೊದಲೇ ಆ ಕೆಲಸ ಮಾಡಿದ್ದರು. 2017ರ ಜುಲೈನಿಂದ ಒಬ್ಬ ಮುಖ್ಯ ಕಲಾವಿದರ ಮೂರಕ್ಕಿಂತ ಹೆಚ್ಚು ಹಾಡುಗಳಿಗೆ ಅಲ್ಲಿ ಏಕಕಾಲಕ್ಕೆ ಜಾಗವಿಲ್ಲ. ಅಮೆರಿಕದಲ್ಲಿ ಅಂಥ ಮಿತಿಯಿಲ್ಲ. ಹತ್ತಕ್ಕೆ ಹತ್ತು ಎಂಬ ಸಾಧನೆ ಬ್ರಿಟನ್ನಿನಲ್ಲಿ ನಿಯಮದಿಂದಲೇ ಅಸಾಧ್ಯ ಎಂಬುದನ್ನು ಗಮನಿಸಿದರೆ, ನಾವು ತಾರೆಯ ಎತ್ತರವೆಂದು ಭಾವಿಸುವುದರಲ್ಲಿ ಎಷ್ಟು ಪಾಲು ಎಣಿಸುವವರ ಕೈವಾಡ ಎಂಬುದು ತಿಳಿಯುತ್ತದೆ.

ಇನ್ನು ನಿಲ್ಲುವ ವಿಷಯ. ಮೊದಲ ವಾರ ಅಭಿಮಾನಿಗಳದು. ಅಲ್ಲಿಂದ ಮುಂದೆ ಹಾಡನ್ನು ಹೊರಬೇಕಾದವರು ಗಾಯಕರ ಹೆಸರನ್ನೂ ಸರಿಯಾಗಿ ತಿಳಿಯದೆ, ಅಡುಗೆ ಮಾಡುತ್ತಲೋ ಟ್ರಾಫಿಕ್‌ನಲ್ಲಿ ಕುಳಿತೋ ಪ್ಲೇಲಿಸ್ಟ್‌ನಲ್ಲಿ ಬಂದದ್ದನ್ನು ಕೇಳುವ ಸಾಮಾನ್ಯ ಜನ. ಸ್ವಿಫ್ಟ್ ಅವರ ಆ ಹತ್ತು ಹಾಡುಗಳಲ್ಲಿ "ಆಂಟಿ-ಹೀರೋ" ಒಟ್ಟು 8 ವಾರ ಮೊದಲ ಸ್ಥಾನದಲ್ಲಿತ್ತು. ಉಳಿದವುಗಳಿಗೆ ಆ ಭಾಗ್ಯ ಬರಲಿಲ್ಲ. ಇದರ ಪಕ್ಕದಲ್ಲಿ ಗ್ಲಾಸ್ ಆನಿಮಲ್ಸ್ ಎಂಬ, ಅಷ್ಟೇನೂ ಪ್ರಸಿದ್ಧವಲ್ಲದ ಬ್ರಿಟಿಷ್ ತಂಡದ "ಹೀಟ್ ವೇವ್ಸ್" ಹಾಡನ್ನು ಇಟ್ಟು ನೋಡಿ: ಅದು ಹಾಟ್ 100ಕ್ಕೆ ಬಂದು 59ನೆಯ ವಾರದಲ್ಲಿ, 2022ರ ಮಾರ್ಚ್‌ನಲ್ಲಿ, ತುದಿ ಮುಟ್ಟಿತು. ಕ್ಯಾಸೆಟ್ ಕಾಲದಲ್ಲಿ ಅಷ್ಟು ತಿಂಗಳು ಮಾರಾಟವಾಗದೆ ಕುಳಿತ ಮಾಲನ್ನು ನಾವು ಕಂಪನಿಗೆ ವಾಪಸು ಕಳುಹಿಸಿಬಿಡುತ್ತಿದ್ದೆವು.

ಹೆಸರಾದವರಿಗೆ ಇನ್ನೊಂದು ಪೈಪೋಟಿ ಇದೆ, ಅದು ಹಳೆಯ ಹಾಡುಗಳದು. ಒಮ್ಮೆ ಮಾರಿದ ಕ್ಯಾಸೆಟ್ ನಮ್ಮ ಪುಸ್ತಕಕ್ಕೆ ಮರಳಿ ಬರುತ್ತಿರಲಿಲ್ಲ, ಅದನ್ನು ಇಪ್ಪತ್ತು ವರ್ಷ ಕೇಳಿದರೂ ಸರಿ. ಮರಾಯಾ ಕ್ಯಾರಿ 1994ರಲ್ಲಿ ಹಾಡಿದ ಕ್ರಿಸ್‌ಮಸ್ ಹಾಡು ಆಗ ಬಿಡಿಯಾಗಿ ಮಾರಾಟಕ್ಕೆ ಬಾರದ ಕಾರಣ ಹಾಟ್ 100ಕ್ಕೆ ಅರ್ಹವೇ ಆಗಿರಲಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಜನ ಅದನ್ನು ಫೋನಿನಲ್ಲಿ ಹಾಕಿ ಹಾಕಿ, 25 ವರ್ಷಗಳ ಬಳಿಕ 2019ರಲ್ಲಿ ಮೊದಲ ಸ್ಥಾನಕ್ಕೇರಿತು. ಕೇಟ್ ಬುಷ್ ಅವರ 1985ರ ಹಾಡೊಂದು ವೆಬ್ ಸರಣಿಯಲ್ಲಿ ಬಳಕೆಯಾದ ಮೇಲೆ 2022ರ ಜೂನ್‌ನಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಬಂತು. ಹಿರಿಯ ಕಲಾವಿದರಿಗೆ ಇದು ಸಂತೋಷದ ಸುದ್ದಿ ನಿಜ, ಆದರೆ ಡಿಸೆಂಬರ್‌ನಲ್ಲಿ ಹೊಸ ಹಾಡು ಬಿಡುವವರಿಗೆ ಹಾಗಲ್ಲ.

ಸ್ಟ್ರೀಮಿಂಗ್‌ನಿಂದ ದೂರ ನಿಂತು ಗೆದ್ದವರೂ ಇದ್ದರು. ಸ್ವಿಫ್ಟ್ 2014ರ ನವೆಂಬರ್‌ನಲ್ಲಿ ತಮ್ಮ ಆಲ್ಬಮ್‌ಗಳನ್ನು ಸ್ಪಾಟಿಫೈನಿಂದ ಹಿಂತೆಗೆದರು. ಅಡೆಲ್ 2015ರಲ್ಲಿ ಹೊಸ ಆಲ್ಬಮ್ಮನ್ನು ಏಳು ತಿಂಗಳು ಸ್ಟ್ರೀಮಿಂಗ್‌ಗೆ ಕೊಡದೆ, ಮೊದಲ ವಾರವೇ ಅಮೆರಿಕದಲ್ಲಿ 33 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿದರು. ಆದರೆ ಸ್ವಿಫ್ಟ್ 2017ರಲ್ಲಿ ಮರಳಿದರು, ಅಡೆಲ್ ಅವರ 2021ರ ಆಲ್ಬಮ್ ಮೊದಲ ದಿನವೇ ಎಲ್ಲೆಡೆ ಸಿಕ್ಕಿತು. ಆ ದಾರಿ ಮುಚ್ಚಿತೆಂದೇ ನನ್ನ ಎಣಿಕೆ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ಒಂದು ನಿಯಮವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಬಿಲ್‌ಬೋರ್ಡ್‌ನ ಆಲ್ಬಮ್ ಪಟ್ಟಿ 2014ರ ಡಿಸೆಂಬರ್‌ನಲ್ಲಿ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಮ್ಮಿಗೆ ಸಮವೆಂದು ಹಿಡಿದಿತ್ತು. 2018ರಲ್ಲಿ ಅದನ್ನು ಒಡೆದು, ಚಂದಾ ಕಟ್ಟಿ ಕೇಳುವವರದಾದರೆ 1,250, ಜಾಹೀರಾತಿನ ನಡುವೆ ಪುಕ್ಕಟೆ ಕೇಳುವವರದಾದರೆ 3,750 ಎಂದು ಮಾಡಿದರು. ಆಗ ಒಬ್ಬ ಚಂದಾದಾರನ ಕಿವಿಗೆ ಮೂವರ ಬೆಲೆ ಬಂತು. ಚಂದಾ ಕಟ್ಟಿ, ಅದರ ಮೇಲೆ ಅದೇ ಆಲ್ಬಮ್‌ನ ವಿನೈಲ್ ತಟ್ಟೆಯನ್ನೂ ಕೊಳ್ಳುವ ಅಭಿಮಾನಿಗಳು ಯಾರ ಬಳಿ ಹೆಚ್ಚಿರುತ್ತಾರೆ ಎಂಬುದನ್ನು ಹೇಳಬೇಕಿಲ್ಲ.

ಆದ್ದರಿಂದ ಹೆಸರಾದ ಗಾಯಕರ ಹೊಸ ಹಾಡು ಜನಕ್ಕೆ ನಿಜಕ್ಕೂ ಹಿಡಿಸಿದೆಯೇ ಎಂದು ತಿಳಿಯಬೇಕಾದರೆ ನಾನು ಮೊದಲ ವಾರದ ಸ್ಥಾನವನ್ನು ನೋಡಲು ಹೋಗುವುದಿಲ್ಲ. ಹತ್ತನೆಯ ವಾರ ಅದು ಎಲ್ಲಿದೆ ಎಂದು ನೋಡುತ್ತೇನೆ. ಅಷ್ಟು ಹೊತ್ತಿಗೆ ನನ್ನ ಮಗಳೂ ಆ ಹದಿಮೂರರಲ್ಲಿ ಎರಡನ್ನು ಮಾತ್ರ ಕೇಳುತ್ತಿದ್ದಳು.