ಏಣಿ, ಸಾರವೆ ಮತ್ತು ‘ಇನ್ನೊಂದೇ ಗೇಣು’: ಪೇಂಟರ್‌ಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಏಣಿಯನ್ನು ಗೋಡೆಗೆ ಎಷ್ಟು ಓರೆಯಾಗಿ ಒರಗಿಸಬೇಕು? ಜೊತೆಗಾರರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಲೆಕ್ಕ ಸುಲಭ. ಏಣಿ ಗೋಡೆಗೆ ತಾಗುವ ಜಾಗ ಎಷ್ಟು ಎತ್ತರದಲ್ಲಿದೆಯೋ ಅದರ ಕಾಲು ಭಾಗದಷ್ಟು ದೂರದಲ್ಲಿ ಬುಡ ಇರಬೇಕು. 12 ಅಡಿ ಮೇಲೆ ತಾಗಿದರೆ ಬುಡ ಗೋಡೆಯಿಂದ 3 ಅಡಿ ಆಚೆ. ಸುಮಾರು 75 ಡಿಗ್ರಿ ಕೋನ ಬರುತ್ತದೆ. ಟೇಪು ಹಿಡಿಯೋಕೆ ಬೇಜಾರಾದರೆ, ಕಾಲ್ಬೆರಳನ್ನು ಏಣಿಯ ಬುಡಕ್ಕೆ ತಾಗಿಸಿ ನೆಟ್ಟಗೆ ನಿಂತು ಕೈಗಳನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ. ಎದುರಿನ ಮೆಟ್ಟಿಲಿಗೆ ಅಂಗೈ ಸರಿಯಾಗಿ ಸಿಕ್ಕರೆ ಓರೆ ಸರಿ ಇದೆ. ಜಾಸ್ತಿ ನೆಟ್ಟಗಿದ್ದರೆ ಹಿಂದಕ್ಕೆ ಮಗುಚುತ್ತದೆ, ಜಾಸ್ತಿ ಓರೆಯಾದರೆ ಬುಡ ಜಾರುತ್ತದೆ.

ಆದರೆ ಓರೆಗಿಂತ ಮೊದಲು ಬುಡದ ಕೆಳಗೆ ಏನಿದೆ ನೋಡಿ. ನೆಲಕ್ಕೆ ಬಣ್ಣ ಬೀಳಬಾರದು ಅಂತ ನೀವೇ ಪ್ಲಾಸ್ಟಿಕ್ ಹಾಳೆ ಹಾಸಿರುತ್ತೀರಿ, ಆಮೇಲೆ ಅದರ ಮೇಲೇ ಏಣಿ ಇಡುತ್ತೀರಿ, ಅಲ್ವಾ? ಟೈಲ್ಸ್ ನೆಲ, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಉಜ್ಜಿ ಉದುರಿದ ಪುಟ್ಟಿಯ ಪುಡಿ. ಜಾರೋಕೆ ಇನ್ನೇನು ಬೇಕು? ಏಣಿ ನಿಲ್ಲುವ ಕಡೆ ಹಾಳೆಯನ್ನು ಮಡಚಿಬಿಡಿ, ನೆಲ ಒರೆಸಿ. ಏಣಿಯ ಕಾಲಿನ ರಬ್ಬರನ್ನೂ ತಿರುಗಿಸಿ ನೋಡಿ. ಒಣಗಿದ ಬಣ್ಣ ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಅಲ್ಲಿ ರಬ್ಬರ್ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ನಮ್ಮ ಹುಡುಗ ಬರೀ ಆರೇಳು ಅಡಿ ಮೇಲಿಂದ ಬಿದ್ದು ಮುಂಗೈ ಮುರಿದುಕೊಂಡ. ಏಣಿ ಸರಿಯಾಗೇ ಇತ್ತು, ನೆಲವೂ ಮಟ್ಟಸವಾಗಿತ್ತು. ಯಾಕೆ ಹೀಗಾಯಿತು?

ಉತ್ತರ: ನೀವು ಬರೆದಿಲ್ಲ, ಆದರೂ ನನ್ನ ಊಹೆ ಹೇಳುತ್ತೇನೆ: ಮೂಲೆಯಲ್ಲಿ ಒಂದು ಗೇಣು ಜಾಗ ಉಳಿದಿರಬೇಕು. ಇಳಿದು, ಏಣಿ ಜರುಗಿಸಿ, ಮತ್ತೆ ಹತ್ತುವುದು ಯಾರಿಗೆ ಬೇಕು ಅಂತ ಕೈ ಚಾಚಿರುತ್ತಾನೆ. ಮೈ ಪಕ್ಕಕ್ಕೆ ವಾಲಿದಾಗ ಭಾರವೆಲ್ಲ ಏಣಿಯ ಒಂದೇ ಕಂಬಕ್ಕೆ ಹೋಗುತ್ತದೆ, ಇನ್ನೊಂದು ಕಂಬದ ಕಾಲು ನೆಲ ಬಿಡುತ್ತದೆ, ಆಮೇಲೆ ಅದನ್ನು ತಡೆಯೋಕೆ ಆಗಲ್ಲ. ಕೆಳಗಿನಿಂದ ನೋಡುವವರಿಗೆ ಒಂದು ಗುರುತಿದೆ. ಮೇಲಿರುವವನ ಒಂದು ಹಿಮ್ಮಡಿ ಮೆಟ್ಟಿಲಿನಿಂದ ಎದ್ದಿದೆ ಅಂದರೆ ಅವನು ಎಟುಕಬಾರದಷ್ಟು ದೂರಕ್ಕೆ ಎಟುಕುತ್ತಿದ್ದಾನೆ. ಕೂಗಿ ಇಳಿಸಿ.

ನಿಯಮ ಇಷ್ಟೇ: ಬೆಲ್ಟಿನ ಬಕಲ್ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ಹತ್ತುವಾಗ, ಇಳಿಯುವಾಗ ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು ಯಾವಾಗಲೂ ಏಣಿಯ ಮೇಲೆ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಬ್ರಷ್ ಹಿಡಿದರೆ ಇದು ಸಾಧ್ಯವೇ ಇಲ್ಲ. ಹಾಗಾಗಿ ಮೊದಲು ನೀವು ಹತ್ತಿ, ಬಕೆಟ್ಟನ್ನು ಹಗ್ಗದಲ್ಲಿ ಎಳೆದುಕೊಂಡು ಕೊಕ್ಕೆಯಿಂದ ಮೆಟ್ಟಿಲಿಗೆ ನೇತುಹಾಕಿ. ಅದೂ ತುಂಬಿದ ದೊಡ್ಡ ಬಕೆಟ್ ಅಲ್ಲ, ಸಣ್ಣ ಡಬ್ಬಿ ಸಾಕು. ಇನ್ನೊಂದು ಮಾತು, ಇಡೀ ಹೊರಗೋಡೆಗೆ ರೋಲರ್ ಹೊಡೆಯುವ ಕೆಲಸವನ್ನು ಒರಗಿಸುವ ಏಣಿಯ ಮೇಲೆ ನಿಂತು ಮಾಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಏಣಿ ಇರುವುದು ಹತ್ತಿ ಇಳಿಯೋಕೆ, ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ಕೈ ಆಡಿಸೋಕೆ. ದಿನವಿಡೀ ನಿಲ್ಲೋದಾದರೆ ಸಾರವೆ ಕಟ್ಟಿಸಿ.

ಪ್ರಶ್ನೆ: ನಮ್ಮೆಜಮಾನ್ರು ಮಡಚುವ ಏಣಿಯ ತುತ್ತತುದಿಯಲ್ಲಿ ನಿಂತು ಸೀಲಿಂಗ್ ಬಳಿಯುತ್ತಾರೆ. ಮೇಲೆ ನಿಂತುಕೊಂಡೇ ಏಣಿಯನ್ನು ಕುಣಿಸಿ ಕುಣಿಸಿ ಮುಂದಕ್ಕೆ ನಡೆಸುತ್ತಾರೆ ಬೇರೆ. ಹೇಳಿದರೆ ‘ಸುಮ್ನಿರು, ನಂಗೆ ಅಭ್ಯಾಸ ಇದೆ’ ಅಂತಾರೆ.

ಉತ್ತರ: ಅಮ್ಮಾ, ಈ ಉತ್ತರವನ್ನು ಅವರಿಗೇ ಓದಿ ಹೇಳಿ. ಯಜಮಾನ್ರೇ, ನಿಮ್ಮ ಅಭ್ಯಾಸ ಏಣಿಯ ಕೀಲಿಗೆ ಗೊತ್ತಿಲ್ಲ. ಹಾಗೆ ಕುಣಿಸಿದಾಗೆಲ್ಲ ಕಾಲುಗಳನ್ನು ಹಿಡಿದಿರುವ ಕಂಬಿ ಮತ್ತು ರಿವಿಟ್ ಸಡಿಲವಾಗುತ್ತಾ ಹೋಗುತ್ತವೆ, ಯಾವತ್ತು ಬಿಟ್ಟುಕೊಳ್ಳುತ್ತವೆ ಅಂತ ಅವು ಹೇಳಿ ಬಿಡುವುದಿಲ್ಲ. ತುದಿಯ ಹಲಗೆ ನಿಲ್ಲೋಕಲ್ಲ, ಅದರ ಕೆಳಗಿನ ಮೆಟ್ಟಿಲೂ ಅಲ್ಲ. ಅಲ್ಲಿ ನಿಂತರೆ ಮೊಣಕಾಲಿಗೂ ಆಸರೆ ಇರಲ್ಲ, ತಲೆ ಎತ್ತಿ ಸೀಲಿಂಗ್ ನೋಡುತ್ತಾ ಕೆಲಸ ಮಾಡುವಾಗ ತೋಲ ತಪ್ಪೋದು ಇನ್ನೂ ಬೇಗ. ಎಟುಕದಿದ್ದರೆ ರೋಲರಿಗೆ ಉದ್ದ ಕೋಲು ಸಿಕ್ಕಿಸಿಕೊಳ್ಳಿ. ಮಡಚುವ ಏಣಿಯನ್ನು ಪೂರ್ತಿ ಬಿಡಿಸಿ ಲಾಕ್ ಮಾಡಿಯೇ ಹತ್ತಬೇಕು. ಮಡಚಿದ್ದನ್ನು ಹಾಗೇ ಗೋಡೆಗೆ ಒರಗಿಸುವುದೂ ತಪ್ಪೇ. ಬಾಗಿಲ ಹಿಂದೆ ಕೆಲಸವಿದ್ದರೆ ಬಾಗಿಲಿಗೆ ಚಿಲಕ ಹಾಕಿಕೊಳ್ಳಿ.

ಪ್ರಶ್ನೆ: ಸಾರವೆ ಕಟ್ಟುವವರು ಬೇರೆ, ಹತ್ತುವವರು ನಾವು. ಹತ್ತುವ ಮೊದಲು ನಾವೇ ಏನು ನೋಡಿಕೊಳ್ಳಬೇಕು?

ಉತ್ತರ: ಕೆಳಗಿನಿಂದ ಶುರು ಮಾಡಿ. ಪ್ರತಿ ಕಂಬದ ಕೆಳಗೆ ಭಾರ ಹೊರುವ ಲೋಹದ ತಟ್ಟೆ, ಮಣ್ಣಿನ ನೆಲವಾದರೆ ತಟ್ಟೆಯ ಕೆಳಗೆ ಅಗಲವಾದ ಹಲಗೆ ಇರಬೇಕು. ಇಟ್ಟಿಗೆ ಚೂರು, ಖಾಲಿ ಡಬ್ಬಿ ಕೊಟ್ಟಿದ್ದರೆ ಹತ್ತಬೇಡಿ. ರಾತ್ರಿ ಮಳೆ ಬಂದಿದ್ದರೆ ಯಾವುದಾದರೂ ಕಂಬ ಕುಸಿದಿದೆಯಾ ಅಂತ ಬೆಳಿಗ್ಗೆ ಮತ್ತೆ ನೋಡಿ. ಆಮೇಲೆ ಎತ್ತರ. ಬುಡದ ಕಿರಿದಾದ ಬದಿಯ ನಾಲ್ಕು ಪಟ್ಟಿಗಿಂತ ಎತ್ತರ ಹೋದರೆ ಕಟ್ಟಡಕ್ಕೆ ಬಿಗಿದು ಕಟ್ಟಿರಲೇಬೇಕು. 5 ಅಡಿ ಅಗಲವಿದ್ದರೆ ಹಾಗೆ ಕಟ್ಟದೆ 20 ಅಡಿ ದಾಟುವ ಹಾಗಿಲ್ಲ. ಚಕ್ರದ ಸಾರವೆಗೆ ಮೂರು ಪಟ್ಟು ಅಂತ ಇಟ್ಟುಕೊಂಡರೆ ಕ್ಷೇಮ.

ಇಲ್ಲೇ ಪೇಂಟರ್‌ಗಳದ್ದೇ ಒಂದು ಕಿತಾಪತಿ ಇದೆ. ಗೋಡೆಗೆ ಕಟ್ಟಿದ ಆ ಕಟ್ಟು ಬ್ರಷ್ಷಿಗೆ ಅಡ್ಡ ಬರುತ್ತದೆ, ‘ಇದೊಂದು ಬಿಚ್ಚಿ ಬಳಿದುಬಿಡೋಣ’ ಅಂತ ಬಿಚ್ಚುತ್ತಾರೆ, ವಾಪಸ್ ಕಟ್ಟುವುದು ಮರೆತೇಹೋಗುತ್ತದೆ. ಬಿಚ್ಚಲೇಬೇಕಾದರೆ ಸಾರವೆ ಕಟ್ಟಿದವರನ್ನೇ ಕರೆಸಿ, ಪಕ್ಕದಲ್ಲಿ ಇನ್ನೊಂದು ಕಟ್ಟು ಹಾಕಿಸಿದ ಮೇಲೆ ಇದನ್ನು ಬಿಚ್ಚಿಸಿ.

ನಿಲ್ಲುವ ಹಲಗೆಗಳ ನಡುವೆ ಸಂದಿ ಇರಬಾರದು. ಕಟ್ಟಿ ಬಿಗಿಯದ ಹಲಗೆ ಆಧಾರದಿಂದ ಆಚೆಗೆ ಕನಿಷ್ಠ 6 ಇಂಚು ಚಾಚಿರಬೇಕು, 12 ಇಂಚಿಗಿಂತ ಜಾಸ್ತಿ ಚಾಚಿದರೆ ತುದಿ ತುಳಿದವನ ಭಾರಕ್ಕೆ ಇನ್ನೊಂದು ತುದಿ ಏಳುತ್ತದೆ. ಸೊಂಟದ ಮಟ್ಟಕ್ಕೆ ಅಡ್ಡಕಂಬಿ, ನಡುವೆ ಇನ್ನೊಂದು, ಡಬ್ಬಿ ಕೆಳಗೆ ಉರುಳದಂತೆ ಅಂಚಿಗೆ ಪಟ್ಟಿ. ಚಕ್ರವಿದ್ದರೆ ಲಾಕ್ ಹಾಕಿ, ಜರುಗಿಸುವಾಗ ಮೇಲೆ ಯಾರೂ ಇರಬಾರದು. ಎಟುಕಲಿಲ್ಲ ಅಂತ ಸಾರವೆಯ ಮೇಲೆ ಏಣಿಯನ್ನೋ ಸ್ಟೂಲನ್ನೋ ಇಟ್ಟರೆ ಅಡ್ಡಕಂಬಿ ನಿಮ್ಮ ಕಾಲಿನ ಮಟ್ಟಕ್ಕೆ ಇಳಿಯಿತು ಅಂತ ಲೆಕ್ಕ.

ಪ್ರಶ್ನೆ: ಮನೆ ಪಕ್ಕದಲ್ಲೇ ಕರೆಂಟ್ ತಂತಿ ಹೋಗಿದೆ. ನಮ್ಮದು ಅಲ್ಯೂಮಿನಿಯಂ ಏಣಿ. ಹುಷಾರಾಗಿ ಮಾಡಿದರೆ ನಡೆಯುತ್ತಾ?

ಉತ್ತರ: ನಡೆಯಲ್ಲ. ಫೈಬರ್‌ಗ್ಲಾಸ್ ಏಣಿ ತನ್ನಿ. ಅದಾದರೂ ತಂತಿಯಿಂದ ಕನಿಷ್ಠ 10 ಅಡಿ ದೂರ ಇರಬೇಕು, ಹೈಟೆನ್ಷನ್ ತಂತಿಯಾದರೆ ಇನ್ನೂ ಜಾಸ್ತಿ. ಅಷ್ಟು ಜಾಗ ಇಲ್ಲದಿದ್ದರೆ ವಿದ್ಯುತ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೇ ಕೆಲಸ. ಎಷ್ಟೋ ಸಲ ತಂತಿಗೆ ತಾಗುವುದು ಹತ್ತುವಾಗಲ್ಲ, ಏಣಿಯನ್ನು ನೆಟ್ಟಗೆ ಎತ್ತಿ ಹೊರುವಾಗ. ಮಲಗಿಸಿಯೇ ಸಾಗಿಸಿ. ರೋಲರಿನ ಲೋಹದ ಕೋಲಿಗೂ ಇದೇ ಮಾತು.

ಪ್ರಶ್ನೆ: ಉಳಿದ ಬಣ್ಣವನ್ನು ನಮ್ಮ ಮರದ ಏಣಿಗೆ ಹೊಡೆಯಬಹುದಾ? ಬಾಳಿಕೆ ಬರುತ್ತಲ್ಲ?

ಉತ್ತರ: ಬೇಡ. ಬಣ್ಣದ ಕೆಳಗೆ ಬಿರುಕು ಬಿಟ್ಟಿದ್ದು, ಕುಂಬಾಗಿದ್ದು ಕಾಣಿಸುವುದೇ ಇಲ್ಲ. ಪಾರದರ್ಶಕ ವಾರ್ನಿಷ್ ಅಥವಾ ಅಗಸೆ ಎಣ್ಣೆ ಹಚ್ಚಿ. ಈಗಾಗಲೇ ಯಾರೋ ಬಣ್ಣ ಬಳಿದಿಟ್ಟ ಹಳೆ ಏಣಿ ಸಿಕ್ಕರೆ, ಕೆರೆದು ನೋಡದೆ ಹತ್ತಬೇಡಿ.