ಅಕಾಲಿಕ ಹೃದಯಾಘಾತದ ಸಾವು ತಗ್ಗಿಸಲು ಮೊದಲ ಹಣ ಎಲ್ಲಿಗೆ?

ನಲವತ್ತು ಐವತ್ತರ ವಯಸ್ಸಿನವರು ಹೃದಯಾಘಾತದಿಂದ ಸಾಯುವುದನ್ನು ತಡೆಯಲು ಮೊದಲು ಕ್ಯಾಥ್ ಲ್ಯಾಬ್ (ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ನಳಿಕೆ ತೂರಿಸಿ ತೆರೆಯುವ ಕೊಠಡಿ) ಕಟ್ಟಬೇಕೇ ಎಂದು ಕೇಳಿದ್ದೀರಿ. ನಾನಾದರೆ ಅದನ್ನು ಎರಡನೆಯದಾಗಿ ಇಡುತ್ತೇನೆ. ಮೊದಲ ಹಣ ಸಣ್ಣ ಆಸ್ಪತ್ರೆಗಳಿಗೆ: ಇಸಿಜಿ ಯಂತ್ರ, ನಡುರಾತ್ರಿಯಲ್ಲೂ ಅದನ್ನು ಸರಿಯಾಗಿ ತೆಗೆಯಬಲ್ಲ ನರ್ಸ್, ಫೋನಿನಲ್ಲೇ ನೋಡಿ ತಕ್ಷಣ ಉತ್ತರಿಸುವ ಹೃದ್ರೋಗ ತಜ್ಞರು.

ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಲೇಬೇಕು. ಅಲ್ಲಿಂದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕ್ಯಾಥ್ ಲ್ಯಾಬ್‌ನಲ್ಲಿ ಬಲೂನಿನಿಂದ ರಕ್ತನಾಳ ತೆರೆಯುವುದು) ಆಗುವುದು ಖಚಿತವಿದ್ದರೆ ಅಲ್ಲಿಗೆ ಕಳಿಸಿ. ಇಲ್ಲವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು, ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಿ. ಹೆಪ್ಪು ಕರಗಿದ ಲಕ್ಷಣ ಕಂಡರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಎಕ್ಸ್-ರೇ ಪರೀಕ್ಷೆ) ಬೇಕು. ಹೆಪ್ಪು ಕರಗಿಸುವ ಔಷಧಗಳಲ್ಲಿ ಟೆನೆಕ್ಟೆಪ್ಲೇಸ್ ಒಂದೇ ಸಲಕ್ಕೆ ಕೊಟ್ಟು ಮುಗಿಸುವಂಥದ್ದು, ಹಾಗಾಗಿ ಸಣ್ಣ ಆಸ್ಪತ್ರೆಗೆ ಹೊಂದುತ್ತದೆ. ಡೋಸ್ ತೂಕದ ಮೇಲೆ: 60 ಕೆಜಿಗಿಂತ ಕಡಿಮೆಯಿದ್ದರೆ 30 ಮಿಗ್ರಾಂ, 90 ಮತ್ತು ಮೇಲ್ಪಟ್ಟು 50. ಹಿಂದೆಂದಾದರೂ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಕೊಡುವಂತಿಲ್ಲ. ಇಂಥ ಪ್ರಶ್ನೆಗಳ ಪಟ್ಟಿ ಔಷಧದ ಟ್ರೇಗೇ ಅಂಟಿರಲಿ.

ಯೋಜನೆ ಕೆಡುವುದು ಸಣ್ಣ ಸಂಗತಿಗಳಲ್ಲಿ. ಇಸಿಜಿಗೆ ಎದೆಯ ಮೇಲೆ ಹಚ್ಚುವ ವಿ1, ವಿ2 ಎಲೆಕ್ಟ್ರೋಡ್‌ಗಳು ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿರಬೇಕು; ಅವಸರದಲ್ಲಿ ಮೇಲೆ, ಎರಡನೇ ಸಂದಿಯಲ್ಲಿ ಹಚ್ಚಿಬಿಡುತ್ತಾರೆ, ಗೆರೆಗಳ ಆಕಾರವೇ ಬದಲಾಗುತ್ತದೆ. ಯಂತ್ರದ ಗಡಿಯಾರ ತಪ್ಪಿದ್ದರೆ ಕಾಗದದ ಮೇಲೆ ಅಚ್ಚಾದ ಸಮಯವೂ ಸುಳ್ಳು. ಎಲ್ಲಕ್ಕಿಂತ ದುಬಾರಿ ತಪ್ಪು, ‘ಚಿಕ್ಕ ವಯಸ್ಸು, ಗ್ಯಾಸ್ ಇರಬೇಕು’ ಎಂದು ಮೊದಲ ಇಸಿಜಿ ನೋಡಿಯೇ ಮನೆಗೆ ಕಳಿಸುವುದು. ಮೊದಲ ಇಸಿಜಿ ಸರಿಯಿದ್ದೂ ಹೃದಯಾಘಾತ ಇರಬಹುದು. ನೋವು ನಿಂತಿಲ್ಲವೇ? ಮೊದಲ ಒಂದು ಗಂಟೆ, 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ.

ಆಸ್ಪತ್ರೆಯ ಬಾಗಿಲು ಮುಟ್ಟದೇ ಸಾಯುವವರೂ ಬಹಳ. ಆಂಬುಲೆನ್ಸ್‌ನಲ್ಲಿ ಡಿಫಿಬ್ರಿಲೇಟರ್ (ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ) ಇರಲಿ. ಹೃದಯ ಸ್ತಂಭನವಾದಾಗ ಸಿಪಿಆರ್ (ಎದೆ ಒತ್ತಿ ರಕ್ತ ಹರಿಸುವುದು) ಇಲ್ಲದೆ ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಉಳಿಯುವ ಸಾಧ್ಯತೆ ಶೇ. 7–10ರಷ್ಟು ಕುಗ್ಗುತ್ತದೆ.

ತಂಬಾಕು ಬಿಡಿಸುವುದು, ಬಿಪಿ, ಸಕ್ಕರೆ ಹತೋಟಿ ನಿಧಾನದ ಕೆಲಸ, ಆದರೆ ಆಘಾತವನ್ನೇ ತಡೆಯುವುದು ಅದೇ. ಎಷ್ಟು ಜನರ ಬಿಪಿ ಅಳೆದಿರಿ ಎಂಬ ಲೆಕ್ಕ ನನಗೆ ಬೇಡ. ಮಾತ್ರೆ ಶುರುಮಾಡಿದವರಲ್ಲಿ ಎಷ್ಟು ಮಂದಿ 140/90ಕ್ಕಿಂತ ಕೆಳಗೆ ಇದ್ದಾರೆ, ಅದನ್ನು ಹೇಳಿ. ಮಾತ್ರೆ ಒಂದು ವಾರ ದಾಸ್ತಾನಿಲ್ಲದಿದ್ದರೂ ಜನ ಬಿಟ್ಟುಬಿಡುತ್ತಾರೆ. ಸ್ಥಿರವಾಗಿರುವವರಿಗೆ ಮೂರು ತಿಂಗಳದ್ದು ಒಟ್ಟಿಗೇ ಕೊಡಿ.

ಪ್ರತಿ ರೋಗಿಗೂ ನಾಲ್ಕು ಸಮಯ ಬರೆಸಿ: ನೋವು ಶುರುವಾದದ್ದು, ಆಸ್ಪತ್ರೆಗೆ ಬಂದದ್ದು, ಇಸಿಜಿ, ಇಂಜೆಕ್ಷನ್. ತಿಂಗಳ ಸಭೆಯಲ್ಲಿ ಮೊದಲು ಈ ಹಾಳೆಯನ್ನೇ ತೆರೆಯಿರಿ, ತಡವಾದದ್ದರ ಪಕ್ಕ ಕಾರಣ ಬರೆದಿರಲಿ. ಕ್ಯಾಥ್ ಲ್ಯಾಬ್ ಎಲ್ಲಿ ಬೇಕೆಂಬುದೂ ಆ ಹಾಳೆಯಿಂದಲೇ ತಿಳಿಯುತ್ತದೆ.